ಏಳು ಸೆಕೆಂಡು

ಕಚೇರಿಯಲ್ಲಿ ಅವಳಿಗೆ ‘ಯಾಕಮ್ಮ’ ಎಂಬ ಹೆಸರು ಬಿದ್ದಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರವೇ ಇದು ಯಾಕೆ ಹೀಗಿದೆ, ಅದು ಯಾಕೆ ಹಾಗಿದೆ ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದಿದ್ದಳು. ತಮಾಷೆಗೆ ಇಟ್ಟ ಹೆಸರು, ಅವಳೂ ಬೇಸರಪಟ್ಟುಕೊಳ್ಳಲಿಲ್ಲ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವಳ ನಿಜವಾದ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅವರ ಕಂಪನಿ ದೊಡ್ಡ ಲಾಂಡ್ರಿಗಳ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುತ್ತಿತ್ತು. ಒಂದು ದಿನ ಒಂದು ಆಸ್ಪತ್ರೆಯಿಂದ ಕೋರಿಕೆ ಬಂತು. ಹೊಸ ಕಟ್ಟಡ ಶುರುವಾಗಿದೆ, ಹಾಸಿಗೆಗಳು ಹೆಚ್ಚಿವೆ, ಕೊಳೆ ಬಟ್ಟೆಯನ್ನು ಒಗೆಯುವ ಯಂತ್ರಕ್ಕೆ ಸಾಗಿಸುವ ಬೆಲ್ಟ್ ತೀರಾ ನಿಧಾನ, ಅದನ್ನು ಚುರುಕು ಮಾಡಿಕೊಡಿ ಎಂದು. ಆ ಕೆಲಸದ ಚೀಟಿ ಯಾಕಮ್ಮನ ಪಾಲಿಗೆ ಬಂತು.

ಅವಳು ಹಳೆಯ ಕೋಡ್ ತೆರೆದು ಕೂತಳು. ನಿಧಾನಕ್ಕೆ ಕಾರಣ ಹುಡುಕಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಬೆಲ್ಟಿನ ಮೇಲೆ ಬಟ್ಟೆ ಹಾಸಿದಾಗ ಸ್ಕ್ಯಾನರ್ ಅದಕ್ಕೆ ಹೊಲಿದ ಗುರುತಿನ ಪಟ್ಟಿಯನ್ನು ಓದುತ್ತಿತ್ತು. ಓದಿದ ಮೇಲೆ ಬೆಲ್ಟ್ ಏಳು ಸೆಕೆಂಡು ಸುಮ್ಮನೆ ನಿಂತು, ಆಮೇಲೆ ಮುಂದಕ್ಕೆ ಹೊರಡುತ್ತಿತ್ತು. ಹಾಗೆ ನಿಲ್ಲಿಸುವ ಕೋಡ್‌ನ ಸಾಲಿನ ಮೇಲೆ ಯಾರೋ ಬರೆದಿದ್ದರು: ‘ಏಳು ಸೆಕೆಂಡು. ದಯವಿಟ್ಟು ತೆಗೆಯಬೇಡಿ.’ ಅಷ್ಟೇ. ಬರೆದವರು ಕೆಲಸ ಬಿಟ್ಟು ಆರು ವರ್ಷವಾಗಿತ್ತು.

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ತಂಡದ ಲೀಡ್ ಹತ್ತಿರ ಹೋದಳು. ಲೀಡ್ ಕೆಟ್ಟವರೇನಲ್ಲ. ಆದರೆ ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಬಾಕಿ ಕೆಲಸಗಳ ಬಣ್ಣಬಣ್ಣದ ಚೀಟಿಗಳಿದ್ದವು. ಎರಡು ದಿನಕ್ಕಿಂತ ಹೆಚ್ಚು ಒಂದೇ ಜಾಗದಲ್ಲಿ ಕೂತ ಚೀಟಿ ಕಂಡರೆ ಅವರು ಎದ್ದು ಬಂದು ವಿಚಾರಿಸುತ್ತಿದ್ದರು.

“ಸಾರ್, ಏಳೇ ಸೆಕೆಂಡು ಯಾಕೆ? ಐದು ಯಾಕಲ್ಲ? ತೆಗೀಬೇಡಿ ಅಂತ ಬೇರೆ ಬರ್ದಿದಾರೆ.”

“ಅಮ್ಮಾ ತಾಯಿ, ಹಳೇ ಯಂತ್ರಕ್ಕೆ ಏನೋ ಬೇಕಿತ್ತೇನೋ. ಕೇಳಿರೋದೇ ಚುರುಕು ಮಾಡಿ ಅಂತ. ತೆಗೆದುಹಾಕಿ, ಚೀಟಿ ಮುಗ್ಸಿ.”

“ಒಂದ್ಸಲ ಆಸ್ಪತ್ರೆಯವರ್ನ ಕೇಳಿದ್ರೆ...”

“ಕೇಳಿದ್ರೆ ಒಂದು ಮೀಟಿಂಗು, ಆ ಮೀಟಿಂಗಿಗೆ ಇನ್ನೊಂದು ಮೀಟಿಂಗು. ನಿಮಗೆ ಗೊತ್ತಿಲ್ವಾ?”

ಗೊತ್ತಿತ್ತು. ಅವಳು ಆ ಸಾಲನ್ನು ಅಳಿಸಿದಳು. ಬೆಲ್ಟಿನ ವೇಗ ಹೆಚ್ಚುಕಡಿಮೆ ಎರಡರಷ್ಟಾಯಿತು. ಶುಕ್ರವಾರದ ಸಭೆಯಲ್ಲಿ ಲೀಡ್ ಅವಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಅವಳಿಗೂ ಖುಷಿಯಾಯಿತು. ಆದರೂ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ, ‘ದಯವಿಟ್ಟು’ ಎಂಬ ಆ ಮಾತು ಆಗಾಗ ನೆನಪಾಗುತ್ತಿತ್ತು. ಕೋಡ್‌ನಲ್ಲಿ ಯಾರು ದಯವಿಟ್ಟು ಎಂದು ಬರೆಯುತ್ತಾರೆ?

ಮೂರು ವಾರ ಕಳೆದಿತ್ತು. ಮುಗಿದುಹೋದ ದೂರುಗಳ ಪಟ್ಟಿಯನ್ನು ಓದುವ ಚಪಲ ಅವಳಿಗೊಬ್ಬಳಿಗೇ ಇದ್ದದ್ದು. ಊಟದ ಡಬ್ಬಿ ಎದುರಿಗಿಟ್ಟುಕೊಂಡು ಪತ್ರಿಕೆ ಓದಿದ ಹಾಗೆ ಓದುತ್ತಿದ್ದಳು. ಅದರಲ್ಲಿ ಅದೇ ಆಸ್ಪತ್ರೆಯ ಒಂದು ದೂರಿತ್ತು. ಒಗೆಯುವ ಯಂತ್ರದೊಳಗೆ ಹಲ್ಲುಸೆಟ್ಟು ಪುಡಿಯಾಗಿದೆ ಎಂದು. ‘ಸಾಫ್ಟ್‌ವೇರ್‌ಗೆ ಸಂಬಂಧವಿಲ್ಲ’ ಎಂದು ಬರೆದು ಯಾರೋ ಮುಚ್ಚಿದ್ದರು. ಓದಿ ನಕ್ಕಳು. ಕೆಳಗೆ ಇನ್ನೊಂದಿತ್ತು, ಕಿವಿಯ ಯಂತ್ರ. ಅದರ ಕೆಳಗೆ ಎರಡು ಕನ್ನಡಕ. ಅವಳ ನಗು ನಿಂತಿತು. ದಿನಾಂಕ ನೋಡಿದಳು. ಎಲ್ಲವೂ ಅವಳು ಆ ಸಾಲು ಅಳಿಸಿದ ನಂತರದವು. ಅದಕ್ಕೂ ಹಿಂದಿನ ಆರು ವರ್ಷದಲ್ಲಿ ಅಂಥ ಒಂದೇ ಒಂದು ದೂರು ಇರಲಿಲ್ಲ.

ಲೀಡ್ ಪಟ್ಟಿ ನೋಡಿ ಮುಖ ಒರೆಸಿಕೊಂಡರು. “ಸರಿ, ಏಳು ಸೆಕೆಂಡು ವಾಪಸ್ ಹಾಕ್ಬಿಡಿ. ವಿಷಯ ಮುಗೀತು.”

“ಇವತ್ತೇ ಹಾಕ್ತೀನಿ. ಆದ್ರೆ ಆಗ ಅವರು ಮತ್ತೆ ನಿಧಾನ ಅಂತಾರೆ. ನಾನು ಹೋಗಿ ನೋಡ್ಬೇಕು ಸಾರ್.”

“ಹೋಗೋದನ್ನ ಯಾವ ಚೀಟಿಗೆ ಬರೀಲಿ ನಾನು? ರಜ ಹಾಕಿ ಹೋಗಿ.”

ಅವಳು ರಜೆ ಹಾಕಿಯೇ ಹೋದಳು.

ಆಸ್ಪತ್ರೆಯ ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಬಾಗಿಲು ತೆರೆದ ಕೂಡಲೇ ಬಿಸಿ ಹಬೆ ಮುಖಕ್ಕೆ ರಾಚಿತು, ಬ್ಲೀಚಿನ ಘಾಟಿಗೆ ಕಣ್ಣು ಉರಿಯಿತು. ಮೇಲಿನ ಮಹಡಿಗಳಿಂದ ಒಂದು ಅಗಲ ಕೊಳವೆಯ ಮೂಲಕ ಬಟ್ಟೆಗಳು ಧೊಪ್ಪನೆ ಬಂದು ಬೀಳುತ್ತಿದ್ದವು. ಬೆಲ್ಟಿನ ಬಳಿ ಐವತ್ತು ದಾಟಿದ ಹೆಂಗಸೊಬ್ಬಳು ಮೊಣಕೈವರೆಗೆ ಕೈಗವಸು ಹಾಕಿಕೊಂಡು ನಿಂತಿದ್ದಳು. ಬಟ್ಟೆ ವಿಂಗಡಿಸುವವಳು. ಅಲ್ಲಿದ್ದವರೆಲ್ಲ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು.

ಯಾಕಮ್ಮ ತಾನು ಯಾರೆಂದು ಹೇಳಿ, ಏಳು ಸೆಕೆಂಡಿನ ಬಗ್ಗೆ ಕೇಳಿದಳು. ಚಿಕ್ಕಮ್ಮ ಒದ್ದೆಯಾದ ಒಂದು ಅಂಗಿಯನ್ನು ಬೆಲ್ಟಿನ ಮೇಲೆ ಹಾಸಿ, ಅಂಗೈಯಿಂದ ಸವರಿ, ಜೇಬಿನೊಳಗೆ ಬೆರಳು ಬಿಟ್ಟು ತೋರಿಸಿದಳು.

“ಇದಕ್ಕೆ. ಕಾಯಿಲೆಯವರು ಹಲ್ಲು ಬಿಚ್ಚಿ ಜೇಬಿಗೆ ಹಾಕ್ಕೋತಾರೆ, ಮರೀತಾರೆ. ಒದ್ದೆ ಬಟ್ಟೆ ಮಣಭಾರ, ಕೈಯಲ್ಲಿ ಹಿಡ್ಕೊಂಡು ತಡಕೋಕೆ ಆಗಲ್ಲ. ಹೀಗೆ ಹಾಸಿದ್ರೇನೇ ಸಿಗೋದು. ಮೊದ್ಲು ಬೆಲ್ಟು ಕಾಯ್ತಿತ್ತು. ಮೂರು ವಾರ ಆಯ್ತು ನೋಡಿ, ಹಾಸೋದೇ ತಡ, ಎಳ್ಕೊಂಡು ಹೋಗ್ತಿತ್ತು. ನಿನ್ನೆಯಿಂದ ಸರಿಯಾಗಿದೆ.”

“ಏಳು ಸೆಕೆಂಡು ಅಂತ ಯಾರು ಹೇಳಿದ್ರು ಅಕ್ಕ?”

“ಯಾರೂ ಹೇಳ್ಲಿಲ್ಲ. ನಿಮ್ಮ ಆಫೀಸಿನವರೊಬ್ಬರು ಬಂದಿದ್ರು. ಮಾತೇ ಆಡ್ತಿರ್ಲಿಲ್ಲ. ನಾಲ್ಕು ದಿನ ಆ ಮೂಲೇಲಿ ಗಡಿಯಾರ ಹಿಡ್ಕೊಂಡು ಕೂತು ನನ್ನ ಕೈಯನ್ನೇ ನೋಡಿದ್ರು. ನಂಗೋ ಮೈಯೆಲ್ಲಾ ಉರಿದುಹೋಯ್ತು. ನನ್ನ ನಿಧಾನ ಅಳೆದು ಮೇಲಿನವರಿಗೆ ಚಾಡಿ ಹೇಳ್ತಾರೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಯಂತ್ರಾನೇ ನನ್ನ ಕೈಗೆ ಹೊಂದಿಸಿ ಹೋಗಿದ್ರು, ಪುಣ್ಯಾತ್ಮ.”

ಯಾಕಮ್ಮ ಸುತ್ತಿಬಳಸದೆ ಹೇಳಿದಳು. “ಅಕ್ಕ, ಅದನ್ನ ತೆಗೆದವಳು ನಾನೇ.”

ಚಿಕ್ಕಮ್ಮ ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. ಮೊಳೆಗೆ ನೇತುಹಾಕಿದ್ದ ಇನ್ನೊಂದು ಜೊತೆ ಕೈಗವಸು ತೆಗೆದು ಎಸೆದಳು. “ಬಾ ಹಾಗಾದ್ರೆ. ಇಲ್ಲಿ ನಿಂತ್ಕೋ.”

ಒಂದು ಗಂಟೆ ಅವಳು ಅಲ್ಲಿ ನಿಂತು ಕೆಲಸ ಮಾಡಿದಳು. ಹತ್ತು ನಿಮಿಷಕ್ಕೇ ಸೊಂಟ ಹಿಡಿದುಕೊಂಡಿತು. ಆದರೆ ಅವಳ ಕಣ್ಣು ಚುರುಕಾಗುತ್ತಾ ಹೋಯಿತು. ಬೆಲ್ಟಿನ ಮೇಲೆ ಬರುವುದರಲ್ಲಿ ಮುಕ್ಕಾಲು ಪಾಲು ಹಾಸಿಗೆಯ ಚಾದರಗಳು, ದಿಂಬಿನ ಚೀಲಗಳು. ಅವುಗಳ ಮುಂದೆಯೂ ಇಬ್ಬರೂ ಏಳು ಸೆಕೆಂಡು ಕೈಕಟ್ಟಿ ನಿಲ್ಲಬೇಕು.

“ಚಾದರಕ್ಕೆ ಯಾಕೆ ಕಾಯ್ತೀವಿ?”

“ಅದನ್ನ ನಿನ್ನ ಬೆಲ್ಟನ್ನ ಕೇಳು. ಚಾದರಕ್ಕೆ ಎಲ್ಲಿದೆ ಜೇಬು? ಡಾಕ್ಟ್ರ ಕೋಟು ಬಂದ್ರೆ ಮಾತ್ರ ಹದಿನೈದೂ ಸಾಲಲ್ಲ. ಆ ಕೋಟಿನ ಒಳಗೆ ಒಂದು ಅಂಗಡೀನೇ ಇರತ್ತೆ.”

“ಒಂದು ಗುಂಡಿ ಇಟ್ರೆ? ನಿಮಗೆ ಬೇಕಾದಾಗ ಒತ್ತಿ ನಿಲ್ಸೋ ಹಾಗೆ?”

“ಯಾವ ಕೈಲಿ ಒತ್ಲಿ?” ಚಿಕ್ಕಮ್ಮ ಬಟ್ಟೆ ತುಂಬಿದ ಎರಡೂ ಕೈ ಎತ್ತಿ ತೋರಿಸಿದಳು. “ಖಾಲಿ ಇರೋದು ಅಂದ್ರೆ ಕಾಲು ಒಂದೇ.”

ಯಾಕಮ್ಮ ಬಗ್ಗಿ ನೋಡಿದಳು. ಚಿಕ್ಕಮ್ಮನ ಎಡಗಾಲು ಒಂದು ಕಬ್ಬಿಣದ ಪೆಡಲಿನ ಮೇಲಿತ್ತು. ಯಂತ್ರದ ಜೊತೆ ಬಂದದ್ದು, ಅದರ ತಂತಿಯ ತುದಿ ಯಾವುದಕ್ಕೂ ಸೇರದೆ ಗೋಡೆಯ ಪಕ್ಕ ಸುರುಳಿ ಸುತ್ತಿ ಬಿದ್ದಿತ್ತು. “ಇದೇನು?”

“ಯಾರಿಗೆ ಗೊತ್ತು? ಕಾಲು ಇಟ್ಕೊಳ್ಳೋಕೆ ಚೆನ್ನಾಗಿದೆ.”

ಸಂಜೆ ಮನೆಗೆ ಬಂದು ಅವಳು ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದಳು. ಅತ್ತೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಕೇಳಿ ನಕ್ಕು ನಕ್ಕು ಕೆಳಗೆ ಕೂತರು.

“ಒಗೆಯೋಕೆ ಮುಂಚೆ ಜೇಬು ನೋಡ್ಬೇಕು ಅನ್ನೋದು ಕಂಡುಹಿಡಿಯೋಕೆ ರಜ ಬೇರೆ ಹಾಕಿದ್ಯಾ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವೇನೇ? ನಿನ್ನ ಗಂಡನ ಪೆನ್ನು ಎಷ್ಟು ಅಂಗಿ ಹಾಳು ಮಾಡಿದೆ ಅಂತ ಗೊತ್ತಾ?”

“ನಮ್ಮ ಆಫೀಸಲ್ಲಿ ಯಾರಿಗೂ ಹೊಳೀಲಿಲ್ಲ ಅತ್ತೆ.”

“ನಿಮ್ಮಲ್ಲಿ ಬಟ್ಟೆ ಒಗೆಯೋರು ಯಾರಿದಾರೆ ಹೊಳೆಯೋಕೆ?”

ಅವಳು ನಗುತ್ತಲೇ ನಿಂತಳು, ಆದರೆ ಆ ಮಾತು ನಾಟಿತು.

ಮರುದಿನದಿಂದ ಅವಳು ಹೊಸದಾಗಿ ಬರೆಯತೊಡಗಿದಳು. ಬಟ್ಟೆಗೆ ಹೊಲಿಯುವ ಈಗಿನ ಪಟ್ಟಿಗಳಲ್ಲಿ ಅದು ಯಾವ ಬಟ್ಟೆ ಎಂಬ ಗುರುತೂ ಇರುತ್ತಿತ್ತು. ಆರು ವರ್ಷದ ಹಿಂದೆ ಇರಲಿಲ್ಲ. ಚಾದರ, ದಿಂಬಿನ ಚೀಲ ಬಂದರೆ ಬೆಲ್ಟ್ ನಿಲ್ಲದೆ ಓಡಲಿ. ಜೇಬಿರುವ ಬಟ್ಟೆ ಬಂದರೆ ನಿಲ್ಲಲಿ, ಚಿಕ್ಕಮ್ಮ ಪೆಡಲ್ ಒತ್ತಿದ ಮೇಲೆಯೇ ಹೊರಡಲಿ. ಎಷ್ಟೋ ದಿನದ ನಂತರ ಅವಳಿಗೆ ಬರೆಯುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ. ಪರದೆಯ ಮೇಲಿನ ಪ್ರತಿ ಸಾಲಿಗೂ ಒಂದು ಒದ್ದೆ ಅಂಗಿಯ ತೂಕ ಬಂದಿತ್ತು.

ನಡುವೆ, ಆ ಸಾಲು ಬರೆದು ಕೆಲಸ ಬಿಟ್ಟವರ ವಿಳಾಸ ಹುಡುಕಿ ಪತ್ರ ಬರೆದಳು. ಕಾರಣ ಯಾಕೆ ಬರೆಯಲಿಲ್ಲ ನೀವು? ಎರಡು ದಿನಕ್ಕೆ ಉತ್ತರ ಬಂತು. ‘ಬರೆದಿದ್ದೆ. ಎಂಟು ಸಾಲು. ಉದ್ದವಾಯಿತು ಎಂದು ಕತ್ತರಿಸಿದರು. ದಯವಿಟ್ಟು ಎಂಬುದನ್ನು ಮಾತ್ರ ಜಗಳವಾಡಿ ಉಳಿಸಿಕೊಂಡೆ.’

ಅವಳು ಅದನ್ನು ಲೀಡ್‌ಗೆ ತೋರಿಸಿದಳು. ಅವರು ಎರಡು ಸಲ ಓದಿದರು. ಕಿವಿ ಕೆಂಪಾದವು.

“ಕತ್ತರಿಸಿದವನು ನಾನೇ,” ಎಂದರು ಸಣ್ಣ ದನಿಯಲ್ಲಿ. “ಲಾಂಡ್ರಿ ಕಥೆ ಎಲ್ಲಾ ಯಾಕೆ ಇಲ್ಲಿ ಅಂದಿದ್ದೆ. ನನಗೇ ಮರೆತುಹೋಗಿತ್ತು.” ಪೆನ್ನು ತಿರುಗಿಸುತ್ತಾ ಕೇಳಿದರು: “ಹೊಸದನ್ನ ಜೋಡಿಸೋಕೆ ಯಾವಾಗ ಹೋಗ್ತೀರಿ?”

“ಗುರುವಾರ.”

“ನಾನೂ ಬರ್ತೀನಿ. ರಜ ಬೇಡ, ಕೆಲಸ ಅಂತಲೇ ಬರೀರಿ.”

ಗುರುವಾರ ಪೆಡಲಿನ ತಂತಿ ಜೋಡಿಸಿ ಬೆಲ್ಟ್ ಶುರು ಮಾಡಿದರು. ಚಾದರಗಳು ಸರಸರನೆ ಹೋದವು. ಅಂಗಿ ಬಂದಾಗ ಬೆಲ್ಟ್ ನಿಂತಿತು, ಚಿಕ್ಕಮ್ಮ ತಡಕಿ ಕಾಲು ಒತ್ತಿದಳು, ಹೊರಟಿತು. ಮಧ್ಯಾಹ್ನದವರೆಗಿನ ಎಣಿಕೆ ನೋಡಿದರೆ, ಯಾಕಮ್ಮ ಆ ಸಾಲು ಅಳಿಸಿದ್ದಾಗಿನ ವೇಗಕ್ಕಿಂತ ಸ್ವಲ್ಪ ಮಾತ್ರ ಕಡಿಮೆ. ಚಿಕ್ಕಮ್ಮನ ಬದಿಯ ತಟ್ಟೆಯಲ್ಲಿ ಒಂದು ಹಲ್ಲುಸೆಟ್ಟು, ಎರಡು ಬಾಚಣಿಗೆ, ಒಂದು ಉಂಗುರ ಇದ್ದವು. ಎಲ್ಲವೂ ಇಡಿಯಾಗಿ.

ಲೀಡ್ ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಚಿಕ್ಕಮ್ಮ ಅವರನ್ನೂ ಬಿಡಲಿಲ್ಲ. ಅಂಗಿಯ ತೋಳು ಮಡಿಸಿ, ಕೈಗವಸು ಹಾಕಿಕೊಂಡು, ಅವರು ಅಂಜುತ್ತಲೇ ಒಂದು ಅಂಗಿಯ ಜೇಬಿಗೆ ಬೆರಳಿಟ್ಟರು. ಕೈಗೆ ಏನೋ ಸಿಕ್ಕಿತು. ಹೊರಗೆ ತೆಗೆದರೆ ಮರದಲ್ಲಿ ಕೆತ್ತಿದ ಚದುರಂಗದ ಕಪ್ಪು ಕುದುರೆ, ಒಂದು ಕಿವಿ ಸವೆದಿತ್ತು.

“ಅರೆ! ಇದು ಯಾರದ್ದು? ಯಾವ ವಾರ್ಡಿನ ಅಂಗಿ ಇದು?” ಅವರು ಅಂಗಿಯ ಗುರುತಿನ ಪಟ್ಟಿಯನ್ನು ಬೆಳಕಿಗೆ ಹಿಡಿದರು. “ಆಟದ ಮಧ್ಯದಲ್ಲಿ ಬಚ್ಚಿಟ್ಟಿದ್ದಾನೇನ್ರಿ, ಸೋಲೋ ಭಯಕ್ಕೆ?”

“ಇಲ್ಲಾಂದ್ರೆ ಎದುರಾಳೀದನ್ನ ಕದ್ದಿರ್ಬೇಕು,” ಎಂದಳು ಯಾಕಮ್ಮ.

“ಮೂರನೇ ಮಹಡಿ,” ಎಂದಳು ಚಿಕ್ಕಮ್ಮ, ಬಟ್ಟೆಯ ಅಂಚಿನ ನೀಲಿ ಹೊಲಿಗೆ ನೋಡಿ. “ಹೋಗಿ ಕೇಳ್ಕೊಂಡು ಬನ್ನಿ.”

ಲೀಡ್ ಕೈಗವಸು ಬಿಚ್ಚುವುದನ್ನೂ ಮರೆತು, ಕುದುರೆಯನ್ನು ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು.