ಹೆಂಗಸರ ಬಾಗಿಲ ಮೇಲಿನ ರಿಸೀವರ್

ಆರ್ಡರ್ ಕಾಗದದಲ್ಲಿ ಇದ್ದದ್ದು ‘ಭದ್ರತೆಗಾಗಿ ದೂರದ ವೈರ್‌ಲೆಸ್ ರಿಸೀವರ್, ಒಂದು’ ಎಂದಷ್ಟೇ. ಭದ್ರತೆ ಅಂದರೆ ಗೇಟು, ಇಲ್ಲವೇ ಬಟ್ಟೆ ತುಂಬಿಟ್ಟ ಗೋದಾಮು ಎಂದುಕೊಂಡು ತಂತಿ ತನ್ನ ಏಣಿ ಹೊತ್ತು ಬಂದಿದ್ದಳು. ಕಡ್ಡಿಯಂಥ ಮೈ, ಇಪ್ಪತ್ತು ವರ್ಷದ ವೈರಿಂಗ್ ಕೆಲಸ, ಎರಡೂ ಸೇರಿ ಅವಳಿಗೆ ‘ತಂತಿ’ ಎಂಬ ಅಡ್ಡಹೆಸರು ಅಂಟಿತ್ತು. ಹೊಲಿಗೆ ಕಾರ್ಖಾನೆಯ ಮ್ಯಾನೇಜರ್ ಅವಳನ್ನು ಗೇಟು ದಾಟಿಸಿ, ಗೋದಾಮು ದಾಟಿಸಿ, ಅರವತ್ತು ಹೆಂಗಸರು ಕೂತು ಹೊಲಿಯುವ ಹಾಲಿನ ತುದಿಗೆ ಕರೆದೊಯ್ದು, ಅವರ ಟಾಯ್ಲೆಟ್ಟಿನ ಬಾಗಿಲ ಮೇಲಕ್ಕೆ ಬೆರಳು ತೋರಿಸಿದ.

“ಇಲ್ಲಿ ಹಾಕಮ್ಮ.”

“ಇಲ್ಲಿ ಕದಿಯೋಕೆ ಏನಿದೆ ಸಾರ್?”

“ಟೈಮ್,” ಎಂದ ಆ ಮಹಾನುಭಾವ. “ಟೈಮ್ ಕದೀತಾರೆ.”

ಪ್ರತಿಯೊಬ್ಬಳ ಕೊರಳಿಗೂ ಒಂದು ಕಾರ್ಡು. ಕಾರ್ಡು ರಿಸೀವರಿನ ಕಣ್ಣಿಗೆ ಬಿದ್ದಷ್ಟು ಹೊತ್ತೂ ಟಾಯ್ಲೆಟ್ಟಿನ ಲೆಕ್ಕ. ದಿನಕ್ಕೆ ಹತ್ತು ನಿಮಿಷ. ಮೂರು ದಿನ ಮೀರಿದರೆ ಮನೆಗೆ. ಇದನ್ನೆಲ್ಲ ಅವನು ಮಗಳ ಮಾರ್ಕ್ಸ್ ಹೇಳುವ ಅಪ್ಪನ ಹಾಗೆ ಹೆಮ್ಮೆಯಿಂದ ಹೇಳಿದ. ತಂತಿ ಬಾಗಿಲು ತಳ್ಳಿದಳು. ಒಳಗೆ ಇಣುಕಿದರೆ ನಲ್ಲಿಯಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಚಿಲಕದ ಜಾಗದಲ್ಲಿ ಯಾರೋ ಪುಣ್ಯಾತ್ಗಿತ್ತಿ ಬಟ್ಟೆಯ ಅಂಚು ಕಟ್ಟಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ಚಿಲಕಕ್ಕೆ ಗತಿಯಿಲ್ಲದ ಬಾಗಿಲಿಗೆ ಮೂವತ್ತು ಮೀಟರ್ ದೂರ ನೋಡುವ ಯಂತ್ರ.

ಏಣಿ ಹೊತ್ತು ಬಂದ ದಾರಿ ಹಿಡಿಯೋಣ ಅನ್ನಿಸಿತು. ಆದರೆ ಮೂರನೇ ಸಾಲಿನಲ್ಲಿ ಅವಳ ಅತ್ತಿಗೆ ಕೂತಿದ್ದಳು, ಏಳು ತಿಂಗಳ ಬಸುರಿ. ಅಣ್ಣ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಹೊಲಿಗೆಯಿಂದಲೇ. ಗಂಟೆಗೊಮ್ಮೆ ಎದ್ದು ಹೋಗಲೇಬೇಕಾದ ಬಸುರಿಗೆ ಹತ್ತು ನಿಮಿಷ ಊಟದ ಹೊತ್ತಿಗೇ ಮುಗಿದುಹೋಗುತ್ತದೆ, ವಾರದೊಳಗೆ ಕೆಲಸವೂ ಮುಗಿದುಹೋಗುತ್ತದೆ. ತಂತಿ ಬಿಟ್ಟು ಹೋದರೆ ಇನ್ನೊಬ್ಬ ಬಂದು ಹಾಕುತ್ತಾನೆ, ಅಚ್ಚುಕಟ್ಟಾಗಿಯೇ ಹಾಕುತ್ತಾನೆ. ಅತ್ತಿಗೆ ಒಮ್ಮೆ ತಲೆಯೆತ್ತಿ ನೋಡಿ, ಗುರುತಿಲ್ಲದವಳಂತೆ ಮತ್ತೆ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಿದಳು.

ತಂತಿ ಗೋಡೆ ಕೊರೆದು, ಬೋಲ್ಟು ಬಿಗಿದು, ಕರೆಂಟು ಕೊಟ್ಟಳು. ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ: ಎಷ್ಟು ದೂರ ಓದಬೇಕೆಂಬ ರೇಂಜಿನ ತಿರುಪನ್ನು ಮೊದಲು ಪೂರ್ತಿ ಇಳಿಸಿ, ಕಾರ್ಡು ಹಿಡಿದು ಹೆಜ್ಜೆ ಹೆಜ್ಜೆಗೂ ನೋಡುತ್ತ, ಬೇಕಾದಷ್ಟೇ ಏರಿಸಬೇಕು.

“ಎರಡು ಮೀಟರ್‌ಗೆ ಇಡ್ತೀನಿ ಸಾರ್. ಜಾಸ್ತಿ ಆದ್ರೆ ಗೋಡೆ ಆಚೆಯದ್ದೂ ಓದುತ್ತೆ.”

“ದೂರದ್ದು ಅಂತ ತರಿಸಿರೋದು ಎರಡು ಮೀಟರ್‌ಗಾ? ಪೂರ್ತಿ ಇಡು. ನನಗೇ ಪಾಠ ಹೇಳ್ಬೇಡ.”

“ಆಯ್ತು ಸಾರ್. ‘ಪೂರ್ತಿ’ ಅಂತ ಬರೆದು ಸೈನ್ ಹಾಕ್ಕೊಡಿ.”

ಹಾಕಿಕೊಟ್ಟ. ಕೋಣನ ಮುಂದೆ ಕಿನ್ನರಿ ಎಷ್ಟು ಹೊತ್ತು ಬಾರಿಸುವುದು?

ಊಟದ ಗಂಟೆಗೆ ಸ್ವಲ್ಪ ಮುಂಚೆ ಮೊದಲ ವರದಿ ಬಂತು. ಗುಮಾಸ್ತ ಹಾಲಿನ ಮೂಲೆಯ ಕಂಪ್ಯೂಟರ್ ಮುಂದೆ ಕನ್ನಡಕ ಸರಿಮಾಡಿಕೊಂಡ. ಏನನ್ನೇ ಆಗಲಿ ಗಟ್ಟಿಯಾಗಿ ಓದುವುದು ಅವನ ಅಭ್ಯಾಸ.

“ಅರವತ್ತು ಜನಾನೂ ಬೆಳಿಗ್ಗೆಯಿಂದ ಟಾಯ್ಲೆಟ್ಟಲ್ಲೇ ಇದ್ದಾರೆ ಸಾರ್.”

“ಏನು?” ಎಂದ ಮ್ಯಾನೇಜರ್.

“ಅಲ್ಲ ಸಾರ್, ಅರವತ್ತೊಂದು.” ಗುಮಾಸ್ತ ಪರದೆಗೆ ಮೂಗು ತಾಗಿಸಿದ. “ನಿಮ್ಮ ಕಾರ್ಡೂ ಇದೆ. ಲೇಡೀಸ್ ಟಾಯ್ಲೆಟ್, ಎರಡು ಗಂಟೆ ಹನ್ನೆರಡು ನಿಮಿಷ.”

ಮ್ಯಾನೇಜರನ ಕೋಣೆ ಟಾಯ್ಲೆಟ್ಟಿನ ಹಿಂದಿನ ಗೋಡೆಗೇ ಅಂಟಿಕೊಂಡಿತ್ತು. ಅವನ ಹಾಜರಿ ಕಾರ್ಡೂ ಅಂಥದ್ದೇ, ಜೇಬಿನಲ್ಲಿತ್ತು. ಮೊದಲ ಸಾಲಿನಲ್ಲಿ ಒಂದು ಯಂತ್ರ ನಿಂತಿತು, ಆಮೇಲೆ ಇನ್ನೊಂದು. ಹೊಲಿಯುತ್ತಿದ್ದ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡು ಹೆಂಗಸರು ನಕ್ಕರು.

ಅವನ ಮುಖ ಹುಳಿ ಹಿಂಡಿದ ಹಾಗಾಯಿತು. “ನನ್ನ ಹೆಸರು ತೆಗಿ. ಸಂಜೆ ಮಾಲೀಕರು ನೋಡ್ತಾರೆ.”

ನಾಚಿಕೆಯಿಂದಲಾದರೂ ರಿಸೀವರನ್ನು ಕೀಳಿಸುತ್ತಾನೇನೋ ಎಂದು ತಂತಿ ಒಂದು ಕ್ಷಣ ಆಸೆಪಟ್ಟಿದ್ದಳು. ಎಲ್ಲಿಯ ನಾಚಿಕೆ? ಅರವತ್ತು ಹೆಂಗಸರ ಮಾನ ಏನಾದರೂ ಆಗಲಿ, ಪಟ್ಟಿಯಿಂದ ತನ್ನೊಬ್ಬನ ಹೆಸರು ಹೋದರೆ ಸಾಕು ಅವನಿಗೆ. ಥೂ, ಇಂಥವನನ್ನೂ ಒಬ್ಬ ತಾಯಿ ಹೆತ್ತಳಲ್ಲ ಎಂದುಕೊಂಡಳು. ಆಗಲೇ ಅವಳಿಗೆ ಹೊಳೆದದ್ದು.

“ಹೆಸರು ತೆಗೆದ್ರೂ ನಾಳೆ ಮತ್ತೆ ಬರುತ್ತೆ ಸಾರ್. ರೇಂಜ್ ಇಳಿಸ್ಬೇಕು.”

“ಎಷ್ಟಾದ್ರೂ ಇಳಿಸು. ನನ್ನ ಹೆಸರು ಮಾತ್ರ ಬರಕೂಡದು.”

“ಎಷ್ಟಾದ್ರೂ ಅಂತ ಬರೆದುಕೊಡಿ.”

ಬರೆದುಕೊಟ್ಟ. ತಂತಿ ಏಣಿ ಹತ್ತಿ ತಿರುಪನ್ನು ಅದು ನಿಲ್ಲುವ ತನಕ ಇಳಿಸಿದಳು. ಈಗ ಆ ಯಂತ್ರಕ್ಕೆ ನಾಲ್ಕು ಬೆರಳಿನಾಚೆ ಏನೂ ಕಾಣದು. ಮ್ಯಾನೇಜರ್ ತನ್ನ ಕೋಣೆಯಲ್ಲಿ ಕೂತ, ಎದ್ದ, ಬಾಗಿಲ ಹತ್ತಿರ ಓಡಾಡಿದ, ಹೆಸರು ಬರಲಿಲ್ಲ.

“ಅವರದ್ದು ಬರುತ್ತೆ ತಾನೆ?”

ಏಣಿಯ ಮೇಲೇ ನಿಂತಿದ್ದ ತಂತಿ ಒಂದು ಕಾರ್ಡನ್ನು ಯಂತ್ರಕ್ಕೆ ತಾಗಿಸಿದಳು. ಕೀಂ ಅಂತು. ಅವನು ತೃಪ್ತಿಯಿಂದ ತಲೆಯಾಡಿಸಿದ. ಕೊರಳಲ್ಲಿ ತೂಗುವ ಕಾರ್ಡಿಗೂ ಬಾಗಿಲ ಮೇಲಿನ ಯಂತ್ರಕ್ಕೂ ನಡುವೆ ಮೂರು ಅಡಿ ಇದೆಯೆಂಬುದು ಅವನ ತಲೆಗೆ ಹೋಗಲಿಲ್ಲ. ಹೊರಡುವ ಮುನ್ನ ತಂತಿ ತನ್ನ ಪೆಟ್ಟಿಗೆಯಲ್ಲಿದ್ದ ಚಿಲಕವೊಂದನ್ನು ಆ ಬಾಗಿಲಿಗೆ ಬಿಗಿದಳು. ಅದಕ್ಕೆ ಯಾರ ಸೈನನ್ನೂ ಕೇಳಲಿಲ್ಲ.

ತಿಂಗಳ ಮೇಲೆ ಸರ್ವಿಸಿಗೆಂದು ಹೋದಾಗ ಅತ್ತಿಗೆ ಮೂರನೇ ಸಾಲಿನಲ್ಲೇ ಇದ್ದಳು. ಮ್ಯಾನೇಜರ್ ವರದಿಯ ಕಾಗದ ಹಿಡಿದು ಓಡೋಡಿ ಬಂದ.

“ನೋಡು, ಮೊದಲು ದಿನಕ್ಕೆ ನೂರು ಸಲ ಎದ್ದು ಹೋಗೋರು. ಈಗ ತಿಂಗಳಿಂದ ಒಬ್ಬಳೂ ಹೋಗಿಲ್ಲ. ಸೊನ್ನೆ. ಶಿಸ್ತು ಅಂದ್ರೆ ಇದು.”

ತಮಾಷೆ ಇರಬೇಕೆಂದು ತಂತಿ ಅವನ ಮುಖ ನೋಡಿದಳು. ತಮಾಷೆಯಲ್ಲ. ಅವನ ಬೆನ್ನ ಹಿಂದೆ ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ಎದ್ದು, ಯಂತ್ರದ ಕೆಳಗೇ ಹಾದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ಕಾಗದದಿಂದ ಕಣ್ಣೆತ್ತಲಿಲ್ಲ. ಅರವತ್ತು ಹೆಂಗಸರು, ಅವರಲ್ಲೊಬ್ಬಳು ತುಂಬು ಬಸುರಿ, ಒಂದು ತಿಂಗಳು ಪೂರ್ತಿ ಒಂದು ಸಲವೂ ಟಾಯ್ಲೆಟ್ಟಿಗೆ ಹೋಗಿಲ್ಲವೆಂದು ಅವನು ನಂಬಿದ್ದ.

“ಮಾಲೀಕರು ಇನ್ನೂ ಮೂರು ಕಾರ್ಖಾನೆಗೆ ಹಾಕಿಸ್ತಾರಂತೆ,” ಎಂದ.

ತಂತಿಗೆ ಉಗಿಯಬೇಕೆನ್ನಿಸಿತು. ನುಂಗಿಕೊಂಡಳು.

“ನನ್ನನ್ನೇ ಕರೀರಿ ಸಾರ್,” ಎಂದಳು.