ಪರೀಕ್ಷೆಯ ದಿನದ ನೀರು

ಅಥವಾ ತಾನು ಕೈ ಹಾಕದಿದ್ದರೂ ಪರೀಕ್ಷೆಗೆ ಬಂದವರು ಹಾಗೇ ಬರೆದುಕೊಂಡು ಹೋಗುತ್ತಿದ್ದರೇನೋ? ದೊಡ್ಡ ಕಚೇರಿಯವರು ಎಲ್ಲ ಮೊದಲೇ ತೀರ್ಮಾನ ಮಾಡಿಕೊಂಡೇ ಬರುತ್ತಾರೆ ಅಂತಾರಲ್ಲ. ಹಾಗಿದ್ದರೆ ತನ್ನದೇನು ತಪ್ಪು? ಇಪ್ಪತ್ತೆರಡು ವರ್ಷ ಮಾಡಿದ್ದನ್ನೇ ಅವತ್ತೂ ಮಾಡಿದ್ದ.

ನೀರು ಸರಬರಾಜು ಕಚೇರಿಯ ಬೆಂಚಿನ ಮೇಲೆ ಕೂತು, ಎಂಜಿನಿಯರಮ್ಮ ಒಳಗೆ ಕರೆಯುವುದನ್ನು ಕಾಯುತ್ತ ಅವನು ಇದನ್ನೇ ಮಗುಚಿ ಹಾಕುತ್ತಿದ್ದ. ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವುದು ಅವನ ಕೆಲಸ. ಎದೆಯುದ್ದದ ಕಬ್ಬಿಣದ ಚಾವಿ ಸದಾ ಹೆಗಲ ಮೇಲಿರುತ್ತಿದ್ದುದರಿಂದ ಜನರ ಬಾಯಲ್ಲಿ ಅವನು ಚಾವಿಯಣ್ಣ.

ದಿಬ್ಬದ ಮೇಲಿನ ಬೀದಿಗೆ ವಾರಕ್ಕೆರಡು ದಿನ, ಅರ್ಧ ಗಂಟೆ, ನೂಲಿನಂತೆ ನೀರು. ಹಳೆಯ ಕೊಳವೆಯೊಳಗೆ ತುಕ್ಕು ಕಟ್ಟಿ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಅವನ ಅಕ್ಕನ ಮನೆ ಅಲ್ಲೇ. ಮೊಣಕಾಲು ಹಿಡಿದುಕೊಂಡ ಅಕ್ಕ ಕೆಳಗಿನ ಬೀದಿಯಿಂದ ಕೊಡ ಹೊತ್ತು, ಮೂರು ಕಡೆ ಕೂತು ಎದ್ದು, ಮೆಟ್ಟಿಲು ಹತ್ತುತ್ತಿದ್ದಳು. ಹೊಸ ಎಂಜಿನಿಯರಮ್ಮ ಬಂದವರೇ ಮೂರು ತಿಂಗಳು ಆ ಬೀದಿಯ ಮನೆಮನೆಯಲ್ಲಿ ಗಡಿಯಾರ ಹಿಡಿದು ನಿಂತು, ಒಂದು ಕೊಡ ತುಂಬಲು ಎಷ್ಟು ನಿಮಿಷ ಎಂದು ಬರೆದುಕೊಂಡು, ಹೊಸ ಕೊಳವೆಗೂ ಪಂಪಿಗೂ ಸರ್ಕಾರದ ಅನುದಾನ ಕೇಳಿದ್ದರು.

“ನಾಳೆ ಅನುದಾನದವರು ಮೇಲಿನ ಬೀದಿ ನೋಡೋಕೆ ಬರ್ತಾರೆ. ಹತ್ತಕ್ಕೆ ನೀರು ಬಿಡಿ,” ಎಂದಿದ್ದರು ಅಷ್ಟೇ.

ಅವನಿಗೆ ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟಿದ್ದ ಮೊದಲ ಪಾಠವೇ ಅದು: “ದೊಡ್ಡೋರು ಬಂದ ದಿನ ನಲ್ಲಿ ಒಣಗಿದ್ರೆ ಮೂಗು ಕೊಯ್ಯೋದು ನಮ್ದೇ ಕಣೋ.” ಮಂತ್ರಿ ಬಂದಾಗ, ತನಿಖೆಯವರು ಬಂದಾಗ, ಪ್ರತಿ ಸಲವೂ ಅವನು ಉಳಿದ ಬೀದಿಗಳನ್ನು ಮುಚ್ಚಿ, ನೋಡುವ ಬೀದಿಗೆ ನೀರು ತಿರುಗಿಸಿದವನು. ಮರುದಿನ ಬೆಳಿಗ್ಗೆಯೂ ಕೆಳಗಿನ ಎರಡು ಬೀದಿಗಳ ವಾಲ್ವ್ ಬಿಗಿದ. ಯೋಚಿಸಲೂ ಇಲ್ಲ. ಕೈಗೆ ಅಭ್ಯಾಸವಾದದ್ದಕ್ಕೆ ತಲೆ ಯಾಕೆ?

ಅನುದಾನದವರು ಅಕ್ಕನ ಮನೆಯ ನಲ್ಲಿಗೇ ಒತ್ತಡ ಅಳೆಯುವ ಮಾಪಕ ತಿರುಪಿದರು. ಮುಳ್ಳು ಜಿಗಿಯಿತು. ಅವರಲ್ಲಿ ಹಿರಿಯ, “ಮೇಡಂ, ನಮ್ಮ ಮನೆ ನಲ್ಲೀನೂ ಇಷ್ಟು ಜೋರಾಗಿಲ್ಲ. ಇಲ್ಲಿಗೇ ಬಾಡಿಗೆಗೆ ಬರ್ಲಾ?” ಎಂದು ನಕ್ಕ. ಎಂಜಿನಿಯರಮ್ಮನ ಮುಖ ಬಿಳುಚಿಕೊಂಡಿತು. ಅಕ್ಕ ಮಾತ್ರ ಪಾತ್ರೆ, ಬಕೆಟ್ಟು, ಲೋಟವನ್ನೂ ಬಿಡದೆ ತುಂಬುತ್ತ, “ನನ್ ತಮ್ಮ ಮನಸ್ಸು ಮಾಡಿದ್ರೆ ಬಂಡೆಯಿಂದ್ಲೂ ನೀರು ತೆಗೀತಾನೆ!” ಎಂದಳು. ಅವನಿಗೆ ಆಗ ಹೊಳೆಯಿತು, ಈ ಜನ ನೀರಿಲ್ಲದ್ದನ್ನು ನೋಡಲು ಬಂದವರು ಎಂದು. ಹೊಳೆಯುವಷ್ಟರಲ್ಲಿ ಮಾಪಕ ಚೀಲ ಸೇರಿತ್ತು.

“ಚಾವಿಯಣ್ಣ, ಬನ್ನಿ,” ಎಂದು ಎಂಜಿನಿಯರಮ್ಮ ಒಳಗಿನಿಂದ ಕರೆದರು.

ಒಳಗೆ ಮೇಜಿನ ಮೇಲೆ ಒಂದೇ ಕಾಗದ. ಅರ್ಜಿಯಲ್ಲಿ ಬರೆದದ್ದಕ್ಕೂ ಸ್ಥಳದಲ್ಲಿ ಕಂಡದ್ದಕ್ಕೂ ತಾಳೆಯಿಲ್ಲ; ಅನುದಾನ ಇಲ್ಲ; ಸುಳ್ಳು ಮಾಹಿತಿ ಕೊಟ್ಟದ್ದೇಕೆಂದು ಎಂಜಿನಿಯರ್ ಉತ್ತರಿಸಬೇಕು.

“ಇನ್ನೊಂದ್ಸಲ ಪರೀಕ್ಷೆ ಕೇಳ್ಬಹುದು,” ಎಂದರು ಅವರು. “ಅವತ್ತು ನೀರು ಮಾಮೂಲಿಯಾಗಿ ಬಿಟ್ಟಿರ್ಲಿಲ್ಲ ಅಂತ ಬಿಟ್ಟೋರೇ ಬರ್ಕೊಡ್ಬೇಕು. ಕೆಳಗಿನ ವಾಲ್ವ್ ತೆರೆದಿತ್ತಾ?”

ಅವರು ಗದರಲಿಲ್ಲ, ಅದೇ ಕಷ್ಟವಾಯಿತು. ಗದರಿದ್ದರೆ ಬಾಯಿ ಬಿಡುತ್ತಿದ್ದನೋ ಏನೋ. ಬರೆದುಕೊಟ್ಟರೆ ಇಷ್ಟು ವರ್ಷ ಬಂದವರಿಗೆಲ್ಲ ತೋರಿಸಿದ ನೀರಿನ ಕಥೆಯೂ ಹೊರಬೀಳುತ್ತದೆ. ನಿವೃತ್ತಿಗೆ ಎರಡು ವರ್ಷ.

“ಮಾಮೂಲಿ ತರಾನೇ ಇತ್ತು ಮೇಡಂ.”

ಅವರು ಅವನನ್ನು ನೋಡಿ, ಕಾಗದ ಮಡಚಿಟ್ಟರು. ಗೊತ್ತಿತ್ತು ಅವರಿಗೆ. ಗೊತ್ತಿದೆಯೆಂದು ಅವನಿಗೂ ಗೊತ್ತಾಯಿತು. “ಸರಿ, ಹೋಗಿ,” ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಿಂಗಳೊಳಗೆ ಎಂಜಿನಿಯರಮ್ಮನಿಗೆ ದೂರದ ಊರಿಗೆ ವರ್ಗವಾಯಿತು. ಅನುದಾನ ಬೇರೆ ಊರಿನ ಪಾಲಾಯಿತು. ಅವರು ಹೊರಟ ದಿನ ಕಚೇರಿಯವರೆಲ್ಲ ಬಾಗಿಲವರೆಗೆ ಬಂದರು. ಅವನು ಕೆಳಗಿನ ಬೀದಿಯ ವಾಲ್ವ್ ಗುಂಡಿಯಲ್ಲಿ ಮೊಣಕಾಲುದ್ದ ಕೆಸರಿನೊಳಗೆ ನಿಂತು, ಇಲ್ಲದ ಸೋರಿಕೆ ಹುಡುಕಿದ.

ಮುಂದಿನ ವಾರ ಅಕ್ಕನ ಮನೆಗೆ ಹೋದಾಗ ಅವಳು ಮೆಟ್ಟಿಲ ಮೇಲೆ ಕೊಡ ಇಟ್ಟುಕೊಂಡು ಕೂತಿದ್ದಳು. ಏದುಸಿರು ಇನ್ನೂ ಇಳಿದಿರಲಿಲ್ಲ.

“ಆ ಎಂಜಿನಿಯರಮ್ಮ ಸುಳ್ಳು ಲೆಕ್ಕ ಬರೆದು ನಮ್ಮ ಬೀದಿ ಹೆಸ್ರು ಕೆಡಿಸಿದ್ಳಂತಲ್ಲೋ,” ಎಂದಳು. “ನಮ್ಮನೇಲಿ ಕೂತು ನೀರು ಕುಡಿದೋಳು. ಅವಳ ಬಾಯಿಗೆ ಮಣ್ಣು ಬೀಳ.”

“ಬಿಡಕ್ಕ.”

“ಏನು ಬಿಡೋದು? ನೀನಾದ್ರೂ ಇದ್ದೀಯಲ್ಲ. ಒಂದ್ ದಿನ ಆದ್ರೂ ನಲ್ಲಿ ತುಂಬ ನೀರು ತೋರ್ಸಿದೆ. ಅವಳ ಕೈಲಿ ಅದೂ ಆಗ್ಲಿಲ್ಲ.”

ಅವನು ಕೊಡ ಎತ್ತಿ ಹೆಗಲಿಗಿಟ್ಟುಕೊಂಡು ಮುಂದೆ ನಡೆದ. ಅವಳು ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎಂಜಿನಿಯರಮ್ಮನನ್ನು ಬಯ್ಯುತ್ತ ಹಿಂದೆ ಬಂದಳು.

ಸುಳ್ಳು ಅರ್ಜಿಯಲ್ಲಿರಲಿಲ್ಲ, ಅವತ್ತಿನ ನೀರಿನಲ್ಲಿತ್ತು ಎಂದು ಅವನು ಅವಳಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.