ಒಂದು ಬೆರಳಷ್ಟು ಜಾಗ

ಕಾರ್ಡಿನ ಒಂದು ಮೂಲೆ ಮಡಿಸಿಹೋಗಿದೆ, ಯಾರೋ ಹಲ್ಲಲ್ಲಿ ಕಚ್ಚಿರಬೇಕು, ಈ ಕುರ್ಚಿಯಲ್ಲಿ ಕೂತ ಯಾವ ಕೋಚು ತಾನೇ ಏನನ್ನೂ ಕಚ್ಚದೆ ಕೂತಿರುತ್ತಾನೆ, ಉಗುರೋ ತುಟಿಯೋ ಕಾರ್ಡೋ — ಬೆವರಿದ ಹೆಬ್ಬೆರಳಿನಿಂದ ಆ ಮೂಲೆಯನ್ನು ನೀವಿ ನೀವಿ ಸರಿಮಾಡುತ್ತಿದ್ದಾಳೆ ಅವಳು, ಈಗಲೇ ಮಾಡಿ ಮುಗಿಸಬೇಕಾದ ಕೆಲಸವೆಂಬಂತೆ, ಅಲ್ಲಿ ಟೇಕ್ವಾಂಡೋ ಮ್ಯಾಟಿನ ಮೇಲೆ ರೆಫರಿ ಕಲ್ಯೊ, ಅಂದರೆ ಬಿಡಿ, ಎಂದು ಕೂಗಿ ಇಬ್ಬರು ಹುಡುಗಿಯರ ನಡುವೆ ಕೈಯಡ್ಡ ಹಾಕಿದ್ದಾನೆ, ಗಡಿಯಾರ ನಿಂತಿದೆ, ಆಟ ಉಳಿದಿರುವುದು ಉಸಿರೆಳೆದು ಬಿಡುವಷ್ಟು ಹೊತ್ತು, ಅವಳು ಕಲಿಸಿದ ಹುಡುಗಿ ಎರಡು ಅಂಕ ಹಿಂದಿದ್ದಾಳೆ, ಮತ್ತು ಈಗಷ್ಟೇ ಆ ಹುಡುಗಿಯ ಬಲಗಾಲು ಎದುರಾಳಿಯ ನೀಲಿ ಹೆಲ್ಮೆಟ್ಟಿನ ಪಕ್ಕದಿಂದ ಬೀಸಿಕೊಂಡು ಹೋಯಿತು. ತಲೆಗೆ ತಾಗಿದ್ದರೆ ಮೂರು ಅಂಕ, ಚಿನ್ನ. ಎದೆಗವಚದೊಳಗೆ ಯಂತ್ರವಿದೆ, ಒದೆ ಬಿದ್ದರೆ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ತಲೆಯ ವಿಷಯಕ್ಕೆ ಮಾತ್ರ ಮನುಷ್ಯರ ಕಣ್ಣೇ ಗತಿ, ಮೂಲೆಗಳಲ್ಲಿ ಕೂತ ತೀರ್ಪುಗಾರರು ಯಾರೂ ಗುಂಡಿ ಒತ್ತಿಲ್ಲ, ಒತ್ತದಿದ್ದರೆ ಕೋಚು ಈ ಕಾರ್ಡು ಎತ್ತಿ ವಿಡಿಯೋ ನೋಡಿ ಹೇಳಿ ಎಂದು ಕೇಳಬಹುದು, ಆದರೆ ತಕ್ಷಣ ಎತ್ತಬೇಕು, ತಡಮಾಡಿದರೆ ಕೇಳುವ ಹಾಗಿಲ್ಲ. ಎತ್ತುವುದಕ್ಕೆ ಮುಂಚೆ ಅವಳ ಬಾಯಿ ತಾನಾಗಿಯೇ ತೆರೆದುಕೊಂಡಿತು, ತಾಗ್ತಾ?

ತಾಗ್ತಾ — ಇದು ಅವಳ ಮಾತಲ್ಲ, ಮಾವನ ಮಾತು, ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ, ಮನೆಯಲ್ಲಿ ಮಾವ, ಕ್ಲಾಸಿನಲ್ಲಿ ಸಾರ್, ಬಾಯ್ತಪ್ಪಿ ಮಾವ ಅಂದರೆ ಬಸ್ಕಿ, ವರ್ಷಗಳ ಹಿಂದೆ ಅವಳೇ ಆಡಿದ ಫೈನಲ್ಲಿನಲ್ಲಿ ಇಂಥದೇ ಕುರ್ಚಿಯ ತುದಿಯಲ್ಲಿ ಕೂತಿದ್ದ, ಕೈಯಲ್ಲಿ ಇಂಥದೇ ಕಾರ್ಡು, ಕೆಂಪು ಹೆಲ್ಮೆಟ್ಟು ಅವಳದು, ನೀಲಿಯದು ಕೊಕ್ಕರೆಯದು — ಉದ್ದಕಾಲಿನ ಆ ಎದುರಾಳಿಗೆ ಮಾವನೇ ಇಟ್ಟ ಹೆಸರು, ಕೊಕ್ಕರೆ ಒಂಟಿಕಾಲಲ್ಲಿ ನಿಂತಿರೋವಾಗ ಹತ್ರ ಹೋಗ್ಬೇಡ ಕಣೇ, ಕಾಲು ಕೆಳಗಿಟ್ಟ ಮೇಲೆ ನುಗ್ಗು — ನುಗ್ಗಿದ್ದಳು, ಬೀಸಿದ್ದಳು, ಪಾದಕ್ಕೆ ಗಾಳಿ ತಾಗಿತ್ತು, ಬರೀ ಗಾಳಿ, ಅವಳಿಗೆ ಆ ಕ್ಷಣವೇ ಗೊತ್ತಾಗಿತ್ತು, ಒದೆ ಬಿದ್ದರೆ ಪಾದದಿಂದ ಮೊಣಕಾಲಿನವರೆಗೆ ಜುಮ್ಮೆಂದು ಏರಿ ಬರುತ್ತದೆ, ಅದು ಬರಲಿಲ್ಲ. ಮಾವ ಕುರ್ಚಿಯಿಂದ ಅರ್ಧ ಎದ್ದು ಅವಳ ಮುಖವನ್ನೇ ನೋಡಿ ತಾಗ್ತಾ ಎಂದ, ಮತ್ತು ಕೆಂಪು ಹೆಲ್ಮೆಟ್ಟು ಒಮ್ಮೆ ತಗ್ಗಿತು, ಎದ್ದಿತು. ಅಷ್ಟೇ. ಸುಳ್ಳು ಹೇಳಿದಳೇ? ಬಾಯಿತುಂಬ ಹಲ್ಲಿನ ಗಾರ್ಡು, ಒಂದಕ್ಷರ ಆಡಿದವಳಲ್ಲ. ಚಿಕ್ಕಂದಿನಲ್ಲಿ ಅಮ್ಮ ಬೈಯುತ್ತಿದ್ದಳು, ಕೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆ ಆಡಿಸ್ಬೇಡ, ಬಾಯಿಬಿಟ್ಟು ಹೇಳು — ಬಾಯಿಬಿಟ್ಟು ಹೇಳಬೇಕಾಗಿದ್ದಿದ್ದರೆ ಇಲ್ಲ ಎಂದೇ ಹೇಳುತ್ತಿದ್ದಳೇನೋ, ಹೀಗಂದುಕೊಂಡು ಎಷ್ಟು ವರ್ಷದಿಂದ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದಾಳೆ, ನಾಚಿಕೆಯಾಗಬೇಕು. ಆಗುತ್ತದೆ. ಹಲ್ಲುಜ್ಜುವಾಗ ಆಗುತ್ತದೆ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುವಾಗ ಆಗುತ್ತದೆ, ಯಾರೋ ಸನ್ಮಾನಕ್ಕೆ ಕರೆದು ಮೈಕಿನಲ್ಲಿ ನಮ್ಮ ಚಾಂಪಿಯನ್ ಎಂದು ಕೂಗುವಾಗ ಕಿವಿಯ ತುದಿ ಸುಡುತ್ತದೆ, ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ.

ಮಾವ ಕಾರ್ಡು ಎತ್ತಿದ, ವಿಡಿಯೋ ನೋಡಿದವರು ಮೂರು ಅಂಕ ಕೊಟ್ಟೇಬಿಟ್ಟರು, ಅವರ ಕ್ಯಾಮೆರಾ ಇದ್ದದ್ದು ಬೆನ್ನಿನ ಕಡೆ, ಅಲ್ಲಿಂದ ನೋಡಿದರೆ ಪಾದವೂ ಹೆಲ್ಮೆಟ್ಟೂ ಒಂದಕ್ಕೊಂದು ಅಂಟಿಕೊಂಡಂತೆಯೇ ಕಾಣುತ್ತವೆ, ಆ ಚಿತ್ರವೇ ಆಮೇಲೆ ಪೋಸ್ಟರಾಯಿತು, ಅವಳು ಕಲಿಸುವ ಕಟ್ಟಡದ ಮುಂಬಾಗಿಲ ಮೇಲೆ ಈಗಲೂ ತೂಗುತ್ತಿದೆ, ಅವಳು ಹಿಂಬಾಗಿಲಿನಿಂದ ಓಡಾಡುತ್ತಾಳೆ, ಕೇಳಿದವರಿಗೆ ಆ ಕಡೆ ಗಾಡಿ ನಿಲ್ಲಿಸೋಕೆ ನೆರಳಿದೆ ಅನ್ನುತ್ತಾಳೆ. ಕೊಕ್ಕರೆ ಅಳಲಿಲ್ಲ. ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನೇರ ಮಾವನ ಹತ್ತಿರ ನಡೆದು ಬಂದಳು, ಎದುರಾಳಿಯ ಕೋಚಿಗೆ ತಲೆಬಾಗಿ ಹೋಗುವುದು ಈ ಆಟದ ಮರ್ಯಾದೆ, ಸೊಂಟದಿಂದ ಬಾಗಿದಳು, ಅವಳ ಹಣೆಯ ಬೆವರು ಮಾವನ ಬೂಟಿನ ಮೇಲೆ ತೊಟ್ಟಿಕ್ಕಿತು, ನಿಮ್ಮ ಹುಡುಗಿ ಚೆನ್ನಾಗಿ ಆಡಿದ್ಲು ಸಾರ್ ಎಂದಳು. ಕೆಲವು ದಿನಕ್ಕೆ ಇನ್ನೊಂದು ಪಕ್ಕದಿಂದ ಯಾರೋ ಫೋನಿನಲ್ಲಿ ಹಿಡಿದಿಟ್ಟದ್ದು ಎಲ್ಲರ ಕೈಗೂ ಹರಿದು ಬಂತು, ಪಾದಕ್ಕೂ ಹೆಲ್ಮೆಟ್ಟಿಗೂ ನಡುವೆ ಒಂದು ಬೆರಳಷ್ಟು ಜಾಗ, ಆ ಜಾಗದಲ್ಲಿ ಮೇಲಿನ ದೀಪ ಬೆಳ್ಳಗೆ ಉರಿಯುತ್ತಿದೆ, ಕಳ್ಳಿ ಎಂದರು, ಚಿನ್ನ ಕದ್ದವಳು ಎಂದರು, ಅಂಗಡಿಗೆ ಕಾಲಿಟ್ಟರೆ ಆಡುತ್ತಿದ್ದ ಮಾತು ನಿಲ್ಲುತ್ತಿತ್ತು, ಆಮೇಲೆ ಫೆಡರೇಶನ್ನಿನವರ ವಿಚಾರಣೆ, ಉದ್ದನೆಯ ಮೇಜು, ಸಾಲಾಗಿ ನೀರಿನ ಬಾಟಲಿ, ಅವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಾವ ಎದ್ದು ನಿಂತಿದ್ದ, ಕಾರ್ಡ್ ಎತ್ತಿದ್ದು ನಾನು ಸ್ವಾಮಿ, ಹುಡುಗಿಗೇನು ಗೊತ್ತಿರುತ್ತೆ, ಆ ಗಡಿಬಿಡೀಲಿ ಗಾಳಿಗೆ ಒದ್ದಳೋ ತಲೆಗೆ ಒದ್ದಳೋ ಅವಳಿಗೇ ತಿಳಿದಿರಲ್ಲ, ದುರಾಸೆ ನಂದು. ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡ. ಅವಳು ಬಾಟಲಿಯ ಮುಚ್ಚಳವನ್ನು ನೋಡುತ್ತ ಕೂತಿದ್ದಳು, ಮುಚ್ಚಳ ಹಸಿರು. ಮುಗಿದ ಪಂದ್ಯದ ಫಲಿತಾಂಶ ಬದಲಾಯಿಸಲಿಕ್ಕಾಗುವುದಿಲ್ಲ ಎಂದರು, ಪದಕ ಅವಳಲ್ಲೇ ಉಳಿಯಿತು, ಮಾವನ ಕೋಚಿಂಗ್ ಲೈಸೆನ್ಸ್ ಹೋಯಿತು, ಅವಳ ಮೇಲಿದ್ದ ಬೈಗುಳವೂ ಅವನ ಕಡೆಗೇ ತಿರುಗಿತು.

ಈಗ ಬೂಟಿನ ಅಂಗಡಿಯಲ್ಲಿದ್ದಾನೆ, ಗಿಡ್ಡ ಸ್ಟೂಲಿನ ಮೇಲೆ ಕೂತು ಬಂದವರ ಕಾಲಿಗೆ ಬೂಟು ತೊಡಿಸುತ್ತಾನೆ, ಆವತ್ತೂ ಕಾಲಿನ ಕೆಲಸ ಇವತ್ತೂ ಕಾಲಿನ ಕೆಲಸ, ಬಡ್ತಿನೂ ಇಲ್ಲ ಹಿಂಬಡ್ತಿನೂ ಇಲ್ಲ ಅಂತ ನಗುತ್ತಾನೆ, ಅವನು ನಕ್ಕಾಗಲೇ ಅವಳಿಗೆ ಎಲ್ಲಾದರೂ ಹೋಗಿ ಬಚ್ಚಿಟ್ಟುಕೊಳ್ಳಬೇಕು ಅನಿಸುವುದು, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಮ್ಮೆ ಹೋಗಿದ್ದಳು, ಬೂಟು ಬೇಕಿತ್ತು ಅನ್ನುವುದು ನೆಪ, ಹೇಳಿಬಿಡಬೇಕೆಂದೇ ಹೋದದ್ದು, ಮಾವ, ನಾನು ಸುಳ್ಳೇ ತಲೆ ಆಡಿಸಿದೆ, ನೀನು ನನ್ನನ್ನು ನಂಬಿ ಕೆಟ್ಟೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಬಾ ಪುಟ್ಟಿ, ಕೂರು, ಎಂದವನೇ ಅವಳ ಬಲಗಾಲನ್ನು ಎತ್ತಿ ತನ್ನ ಮಂಡಿಯ ಮೇಲಿಟ್ಟುಕೊಂಡ, ಅದೇ ಕಾಲು, ಬಿಡು ಮಾವ ನಾನೇ ಹಾಕ್ಕೋತೀನಿ, ಸುಮ್ನಿರೇ, ಈ ಕಾಲಿನ ಅಳತೆ ನನಗಿಂತ ಯಾರಿಗೆ ಗೊತ್ತು, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು, ಲೇಸು ಬಿಗಿದು ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ತಲೆ ಎತ್ತದೆ ಅಂದ, ಒಂದು ಬೆರಳಷ್ಟು ಜಾಗ ಇದೆ. ಅವಳು ಕಾಲು ಸರ್ರನೆ ಎಳೆದುಕೊಂಡಳು. ಯಾಕೆ, ಕಚ್ತಾ? ಇಲ್ಲ ಮಾವ. ಹಾಗಾದ್ರೆ ತಗೋ, ಅಷ್ಟು ಜಾಗ ಇರ್ಲೇಬೇಕು. ಬಾಯಿಪಾಠ ಮಾಡಿದ್ದು ಹೊಟ್ಟೆಯೊಳಗೇ ಉಳಿಯಿತು, ಆ ಬೂಟು ಇನ್ನೂ ಡಬ್ಬಿಯಲ್ಲೇ ಇದೆ.

ಮ್ಯಾಟಿನ ಮೇಲಿಂದ ಹುಡುಗಿ ಇತ್ತಲೇ ನೋಡುತ್ತಿದ್ದಾಳೆ, ಆ ಪೋಸ್ಟರಿನ ಕೆಳಗೇ ಬೆಳೆದವಳು, ಅಕ್ಕ ಆ ಒದೆ ನನಗೂ ಕಲಿಸಿ ಅಂತ ಪ್ರಾಣ ತಿಂದವಳು, ಹಳೇ ಫೈನಲ್ಲಿನ ವಿಡಿಯೋ ಇಟ್ಟುಕೊಂಡು ಒಮ್ಮೆ ಕೇಳಿಯೂ ಇದ್ದಳು, ಎಲ್ಲ ನಿಮ್ಮ ಕಾಲನ್ನೇ ನೋಡ್ತಾರೆ ಅಕ್ಕ, ಇಲ್ಲಿ ಮೂಲೇಲಿ ನಿಮ್ಮ ತಲೆ ಒಂದ್ಸಲ ಹೀಗಾಗುತ್ತಲ್ಲ, ಅದೇನು? ಬೆವರು ಕಣ್ಣಿಗಿಳೀತು ಕಣೇ. ಓ, ಎಂದು ಹುಡುಗಿ ಮತ್ತೆ ಅಷ್ಟನ್ನೇ ಹಿಂದಕ್ಕೆ ಸರಿಸಿ ನೋಡಿದ್ದಳು. ತಾಗ್ತಾ ಎಂದು ಈಗ ಕೇಳಿದ್ದಾಯಿತು — ಯಾಕೆ ಕೇಳಿದಳು, ತನಗೆ ಕಾಣಲಿಲ್ಲವೇ? ಕಂಡಿತ್ತಲ್ಲ. ಈ ಕುರ್ಚಿ ಹಾಕಿರುವುದೇ ಹಾಗೆ, ಮ್ಯಾಟಿನ ಅಂಚಿಗೆ, ಪಕ್ಕಕ್ಕೆ, ನಡುವೆ ಏನೂ ಅಡ್ಡವಿಲ್ಲ, ಹುಡುಗಿಯ ಪಾದಕ್ಕೂ ನೀಲಿ ಹೆಲ್ಮೆಟ್ಟಿಗೂ ನಡುವೆ ದೀಪ ಬೆಳ್ಳಗೆ ಕಂಡಿತು, ಒಂದು ಬೆರಳಷ್ಟು, ಕಣ್ಣಾರೆ ಕಂಡಳು, ಕಂಡ ಮೇಲೂ ಕೇಳಿದಳು, ತಿಳಿದುಕೊಳ್ಳಲಿಕ್ಕಲ್ಲ, ಇಲ್ಲ ಅಕ್ಕ ಎನ್ನುವುದು ಆ ಹುಡುಗಿಯ ಕಡೆಯಿಂದಲೇ ಬರಲಿ ಎಂದು. ಹಾಗಾದರೆ ಮಾವ — ಅವನ ಕುರ್ಚಿಯೂ ಇಲ್ಲೇ, ಇದೇ ಪಕ್ಕಕ್ಕೆ — ಅಯ್ಯೋ, ಕಂಡಿತ್ತು ಅವನಿಗೆ. ನಂಬಿ ಕೆಟ್ಟವನಲ್ಲ ಅವನು, ಕಂಡೂ ಕೇಳಿದ್ದ, ಇಲ್ಲ ಅನ್ನು ಎಂದು ಅವಳಿಗೊಂದು ದಾರಿ ಬಿಟ್ಟುಕೊಟ್ಟಿದ್ದ, ಅವಳು ತಲೆ ಆಡಿಸಿದ ಮೇಲೆ ಅಷ್ಟು ಜನರ ಮುಂದೆ ಅಕ್ಕನ ಮಗಳನ್ನು ಸುಳ್ಳಿ ಮಾಡಲಾರದೆ ಕೈ ಎತ್ತಿದ, ದುರಾಸೆ ನಂದು ಎಂದ, ಬೂಟು ಒತ್ತಿ ನೋಡುತ್ತ ತಲೆ ಎತ್ತಲಿಲ್ಲ. ಇಷ್ಟು ವರ್ಷ ಅವಳು ಪಟ್ಟ ನಾಚಿಕೆ ಅರ್ಧವೇ, ಉಳಿದರ್ಧ ಈಗ ಬಂತು, ಕಿವಿಯಿಂದ ಇಳಿದು ಕುತ್ತಿಗೆ, ಬೆನ್ನು, ಕಾರ್ಡು ಹಿಡಿದ ಕೈಯವರೆಗೂ ಬಂತು. ಇಲ್ಲ ಅನ್ನೇ, ಇಲ್ಲ ಅಂದುಬಿಡು ತಾಯಿ, ಸೋತರೆ ಸೋಲೋಣ, ನನ್ನ ಕೈಲಿ ಇದನ್ನ ಎತ್ತಿಸಬೇಡ — ರೆಫರಿ ಒಮ್ಮೆ ಕುರ್ಚಿಯ ಕಡೆ ನೋಡಿದ, ಕಾರ್ಡು ಮಂಡಿಯ ಮೇಲೆ, ಅಂಗೈ ಕಾರ್ಡಿನ ಮೇಲೆ, ಮಡಿಸಿದ ಮೂಲೆ ಅಂಗೈಗೆ ಚುಚ್ಚುತ್ತಿದೆ, ಹುಡುಗಿಯ ಕಣ್ಣು ಅವಳ ಕಣ್ಣನ್ನು ಬಿಟ್ಟು ಕದಲುತ್ತಿಲ್ಲ, ಕೆಂಪು ಹೆಲ್ಮೆಟ್ಟು ತಗ್ಗಿತು, ಎದ್ದಿತು. ಅಂಗೈ ಏಳಲಿಲ್ಲ. ಅಕ್ಕನಿಗೆ ಕಾಣಿಸಲಿಲ್ಲವೇನೋ ಅಂದುಕೊಂಡಿರಬೇಕು ಹುಡುಗಿ, ಇನ್ನೊಮ್ಮೆ, ಚೆನ್ನಾಗಿ ಕಾಣುವ ಹಾಗೆ, ನಿಧಾನವಾಗಿ, ಕೆಂಪು ಹೆಲ್ಮೆಟ್ಟು ತಗ್ಗಿತು, ಎದ್ದಿತು